ಲವ್ಲಿನಾಳನ್ನು ಸೋಲಿಸಿದವಳು

ಕಳೆದ ಶುಕ್ರವಾರ ಸಂಜೆ ಶಾಲೆ ಬಿಟ್ಟ ಮೇಲೆ ಒಬ್ಬ ತಾಯಿ ನನ್ನನ್ನು ಹುಡುಕಿಕೊಂಡು ಮೈದಾನಕ್ಕೆ ಬಂದರು. ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುವವರು. ಸೆರಗಿನ ತುದಿಯಲ್ಲಿ ಇನ್ನೂ ಹೊಟ್ಟಿನ ಪುಡಿ ಅಂಟಿಕೊಂಡಿತ್ತು. ಬಂದವರೇ ಕೇಳಿದರು: "ಮೇಡಂ, ಅವಳಿಗೆ ಹದಿನಾರು ತುಂಬ್ತು. ಈಗ ಹೊಸಾ ಆಟ ಯಾಕ್ರಿ? ಕಲಿಯೋ ವಯಸ್ಸು ದಾಟಿ ಹೋತಲ್ಲ."

ಅವರ ಮಗಳು ನನ್ನ ಹಳೆಯ ವಿದ್ಯಾರ್ಥಿನಿ. ಹತ್ತನೇ ಕ್ಲಾಸು ಮುಗಿಸಿ ಈಗ ದಾವಣಗೆರೆಯಲ್ಲಿ ಪಿಯುಸಿ ಓದುತ್ತಿದ್ದಾಳೆ. ಐದಡಿ ಎಂಟಿಂಚು ಎತ್ತರ. ನಮ್ಮ ಶಾಲೆಯಲ್ಲಿ ಮೂರು ವರ್ಷ ವಾಲಿಬಾಲ್ ಆಡಿದಳು, ನೆಟ್ ಮುಂದೆ ನಿಂತು ಕೈ ಎತ್ತಿದರೆ ಎದುರಿನವರಿಗೆ ದಾರಿ ಕಾಣುತ್ತಿರಲಿಲ್ಲ. ಆದರೆ ಹತ್ತನೇ ಕ್ಲಾಸು ಮುಗಿಯುತ್ತಲೇ ನಮ್ಮ ಟೀಮು ಚದುರಿಹೋಯಿತು. ಒಬ್ಬಳು ಹರಿಹರದ ನೆಂಟರ ಮನೆ ಸೇರಿದಳು. ಇಬ್ಬರು ಬಟ್ಟೆ ಅಂಗಡಿ ಕೆಲಸಕ್ಕೆ ಹೋದರು. ಒಬ್ಬಳಿಗೆ ಗಂಡು ನೋಡುತ್ತಿದ್ದಾರೆ. ವಾಲಿಬಾಲ್‌ಗೆ ಆರು ಜನ ಬೇಕು. ಉಳಿದದ್ದು ಇವಳೊಬ್ಬಳೇ.

ಹೆಣ್ಣುಮಕ್ಕಳಿಗೆ ಆಟ ಹೇಳಿಕೊಡುವ ಎಲ್ಲರಿಗೂ ಇದು ಗೊತ್ತಿರುತ್ತದೆ. ನಾವು ಕಟ್ಟುವ ಟೀಮಿಗೆ ಆಯಸ್ಸು ಮೂರೇ ವರ್ಷ. ಆಮೇಲೆ ಚೆನ್ನಾಗಿ ಆಡುವವಳು ಚೆಂಡು ಹಿಡಿದು ಒಬ್ಬಳೇ ನಿಂತಿರುತ್ತಾಳೆ. ಅದಕ್ಕೇ ನಾನು ಇವಳಿಗೆ ಬಾಕ್ಸಿಂಗ್ ಕಲಿ ಎಂದೆ. ಸೇನೆಯಿಂದ ನಿವೃತ್ತರಾಗಿ ಬಂದ ಒಬ್ಬರು ಊರಲ್ಲಿ ಬೆಳಿಗ್ಗೆ ಹೊತ್ತು ಕೆಲವು ಮಕ್ಕಳಿಗೆ ಹೇಳಿಕೊಡುತ್ತಾರೆ. ಬಾಕ್ಸಿಂಗ್‌ಗೆ ಟೀಮು ಬೇಡ. ಉದ್ದನೆಯ ಕೈ ಬೇಕು, ಅದು ಇವಳಿಗಿದೆ.

ಆ ತಾಯಿಯ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಸ್ವಲ್ಪ ಉದ್ದವಾಯಿತು. ನೀರಿನ ಟ್ಯಾಂಕಿನ ಕಟ್ಟೆ ಮೇಲೆ ಕೂತು ಅರ್ಧ ಗಂಟೆ ಒಬ್ಬ ಚೀನಾ ಹೆಂಗಸಿನ ಕಥೆ ಹೇಳಿದೆ. ಅವರು ಸುಮ್ನೆ ಕೇಳಿಸಿಕೊಂಡರು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ, ಅವರಿಗೆ ಹೇಳಲು ಮರೆತದ್ದನ್ನೂ ಸೇರಿಸಿ.

ನನಗೆ ಅವಳ ಪರಿಚಯ ಆದದ್ದು ಸಿಟ್ಟಿನಿಂದ. 2024ರ ಆಗಸ್ಟ್ 4, ಭಾನುವಾರ ಮಧ್ಯಾಹ್ನ. ನಮ್ಮ ಮನೆ ಹಾಲ್‌ನಲ್ಲಿ ಟಿವಿ ಮುಂದೆ ಎಲ್ಲರೂ ಕೂತಿದ್ದರು. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಗ್ರೇಟ್ ಬ್ರಿಟನ್ ವಿರುದ್ಧ ನಮ್ಮ ಹಾಕಿ ಕ್ವಾರ್ಟರ್ ಫೈನಲ್. ಅಮಿತ್ ರೋಹಿದಾಸ್‌ಗೆ ರೆಡ್ ಕಾರ್ಡ್ ಬಿದ್ದು ನಮ್ಮವರು ಹತ್ತೇ ಜನ ಆಡುತ್ತಿದ್ದರು. ಮ್ಯಾಚು ಶೂಟೌಟ್‌ವರೆಗೆ ಹೋಗಿ ಶ್ರೀಜೇಶ್ ಕೈಯಿಂದ ಉಳಿಯಿತಲ್ಲ, ಅದೇ ದಿನ. ನಾನು ಮಾತ್ರ ಮೊಬೈಲ್ ಹಿಡಿದು ಅಡುಗೆಮನೆಗೆ ಹೋದೆ. ಹೆಚ್ಚುಕಮ್ಮಿ ಅದೇ ಹೊತ್ತಿಗೆ ನಮ್ಮ ಅಸ್ಸಾಂನ ಲವ್ಲಿನಾ ಬೊರ್ಗೊಹೈನ್ ಬಾಕ್ಸಿಂಗ್ ಕ್ವಾರ್ಟರ್ ಫೈನಲ್ ಆಡುತ್ತಿದ್ದಳು, 75 ಕೆಜಿ ವಿಭಾಗದಲ್ಲಿ. ಅಪ್ಪ ಕೂಡ ನನ್ನ ಹಿಂದೆಯೇ ಎದ್ದು ಬಂದರು. ಅವರಿಗೆ ಎಪ್ಪತ್ತೈದರ ಮೇಲಾಗಿದೆ. ಹಾಕಿ ಅವರಿಗೆ ಹಿಡಿಸುವುದಿಲ್ಲ. ಇಬ್ಬರು ಎದುರುಬದುರು ನಿಂತರೆ ಮಾತ್ರ ಅದು ಅವರಿಗೆ ಆಟ.

ಬಾಕ್ಸಿಂಗ್‌ನಲ್ಲಿ ಸೆಮಿಫೈನಲ್ ಮುಟ್ಟಿದರೆ ಸಾಕು, ಕಂಚು ಗ್ಯಾರಂಟಿ. ಸೆಮಿಯಲ್ಲಿ ಸೋತ ಇಬ್ಬರಿಗೂ ಕೊಡುತ್ತಾರೆ. ಅಂದರೆ ಆ ಒಂದು ಪಂದ್ಯ ಗೆದ್ದರೆ ಲವ್ಲಿನಾಗೆ ಎರಡನೇ ಒಲಿಂಪಿಕ್ ಪದಕ. ಸ್ಟೌ ಆರಿಸಿ, ಫೋನನ್ನು ಉಪ್ಪಿನ ಡಬ್ಬಿಗೆ ಒರಗಿಸಿ ಇಟ್ಟೆವು. ಮೂರು ನಿಮಿಷದ ಮೂರು ರೌಂಡು. ಇಬ್ಬರೂ ಎತ್ತರದವರು, ಇಬ್ಬರೂ ದೂರದಿಂದ ಹೊಡೆಯುವವರು. ಹತ್ತಿರ ಬಂದರೆ ಒಬ್ಬರನ್ನೊಬ್ಬರು ತಬ್ಬಿ ಹಿಡಿಯುತ್ತಿದ್ದರು, ರೆಫರಿ ಬಿಡಿಸುತ್ತಿದ್ದರು. ನೋಡಲು ಚಂದದ ಪಂದ್ಯ ಅಲ್ಲ. ಮುಗಿದ ಮೇಲೆ ರೆಫರಿ ಎತ್ತಿದ್ದು ಆ ಚೀನಾದವಳ ಕೈಯನ್ನು. ಐವರು ಜಡ್ಜ್‌ಗಳಲ್ಲಿ ನಾಲ್ವರು ಅವಳ ಕಡೆ.

ನಾನು ಫೋನ್ ಮಗುಚಿಟ್ಟೆ. ಹಾಲ್‌ನಲ್ಲಿ ಹಾಕಿ ಗೆದ್ದ ಖುಷಿಗೆ ಮಕ್ಕಳು ಕುಣಿಯುತ್ತಿದ್ದವು. ನನ್ನ ಕಣ್ಣಲ್ಲಿ ನೀರು. ಅಪ್ಪ ಮಾತ್ರ ಮಗುಚಿದ ಫೋನನ್ನೇ ನೋಡುತ್ತಾ ಕೇಳಿದರು: "ಯಾರವ್ವಾ ಅವಳು? ಅವಳ ಕಾಲು ನೋಡ್ದೆನು? ಒಂದು ಸಲನಾದ್ರೂ ಕಾಲಿಗೆ ಕಾಲು ಸಿಗಲಿಲ್ಲ."

ಅಪ್ಪ ಹಳೆಯ ಪೈಲ್ವಾನರು. ಹಗಲು ಕಾಟನ್ ಮಿಲ್ಲು, ಬೆಳಗಿನ ಜಾವ ಗರಡಿ. ದುಗ್ಗಮ್ಮನ ಜಾತ್ರೆ ಕುಸ್ತಿಯಲ್ಲಿ ಅಖಾಡಕ್ಕೆ ಇಳಿದವರು. ಅವರು ಯಾರನ್ನೂ ಸುಲಭಕ್ಕೆ ಹೊಗಳುವುದಿಲ್ಲ. ಅವರೇ ಕೇಳಿದರು ಅಂದ ಮೇಲೆ ಸಿಟ್ಟು ಇದ್ದರೂ ಹುಡುಕಿದೆ. ಅವತ್ತು ರಾತ್ರಿ ಶುರು ಮಾಡಿದ ಹುಡುಕಾಟ ವಾರಗಟ್ಟಲೆ ನಡೆಯಿತು.

ಹೆಸರು ಲಿ ಚಿಯೆನ್. ನಮ್ಮ ಪೇಪರ್‌ಗಳಲ್ಲಿ ಇಂಗ್ಲಿಷ್ ಅಕ್ಷರ ನೋಡಿ ಕ್ವಿಯಾನ್, ಕಿಯಾನ್ ಅಂತೆಲ್ಲ ಬರೆಯುತ್ತಾರೆ. ಉಚ್ಚಾರ ಚಿಯೆನ್‌ಗೆ ಹತ್ತಿರ. ನಮ್ಮಲ್ಲಿ ಇನಿಷಿಯಲ್ ಮೊದಲು ಬರುವ ಹಾಗೆ ಅವರಲ್ಲಿ ಮನೆತನದ ಹೆಸರು ಮೊದಲು. ಹುಟ್ಟಿದ್ದು 1990ರ ಜೂನ್‌ನಲ್ಲಿ, ಚೀನಾದ ಉತ್ತರಕ್ಕೆ ಇರುವ ಇನ್ನರ್ ಮಂಗೋಲಿಯಾದಲ್ಲಿ. ಹುಲ್ಲುಗಾವಲು, ಚಳಿ, ಕುದುರೆಗಳ ಸೀಮೆ. ನಾನು ಅಲ್ಲಿಗೇ ನಿಂತುಬಿಟ್ಟೆ, ಯಾಕೆಂದರೆ ಮುಂದಿನ ಸಾಲಿನಲ್ಲಿ ಅವಳು ಮೊದಲು ಆಡುತ್ತಿದ್ದದ್ದು ಬ್ಯಾಸ್ಕೆಟ್‌ಬಾಲ್ ಅಂತ ಇತ್ತು. ಎತ್ತರದ ಹುಡುಗಿ, ಬ್ಯಾಸ್ಕೆಟ್‌ಬಾಲ್ ಹಿಡಿದಳು. ಹದಿಹರೆಯದಲ್ಲಿ ಅದನ್ನು ಬಿಟ್ಟು ಬಾಕ್ಸಿಂಗ್‌ಗೆ ಬಂದಳು.

ಚೀನಾದಲ್ಲಿ ಬಾಕ್ಸಿಂಗ್‌ಗೆ ಏನು ಮರ್ಯಾದೆ ಇತ್ತು ಅಂತ ಗೊತ್ತಾದರೆ ಆ ನಿರ್ಧಾರದ ತೂಕ ಗೊತ್ತಾಗುತ್ತದೆ. ಅಲ್ಲಿನ ಸರ್ಕಾರ 1959ರಲ್ಲಿ ಬಾಕ್ಸಿಂಗನ್ನು ನಿಷೇಧಿಸಿತ್ತು. ಅಪಾಯದ ಆಟ, ಕ್ರೂರ ಆಟ ಅಂತ. ಮತ್ತೆ ಬಿಟ್ಟದ್ದು 1986ರಲ್ಲಿ. ಇವಳು ಹುಟ್ಟುವುದಕ್ಕೆ ನಾಲ್ಕೇ ವರ್ಷ ಮುಂಚೆ. ಒಲಿಂಪಿಕ್ಸ್‌ನಲ್ಲಂತೂ ಹೆಂಗಸರ ಬಾಕ್ಸಿಂಗ್ ಇರಲೇ ಇಲ್ಲ. ಸೇರಿಸೋಣ ಅಂತ ಒಲಿಂಪಿಕ್ ಸಮಿತಿ ತೀರ್ಮಾನ ಮಾಡಿದ್ದು 2009ರ ಆಗಸ್ಟ್‌ನಲ್ಲಿ. ಆಗ ಲಿ ಚಿಯೆನ್‌ಗೆ 19.

19 ಅಂದ ಕೂಡಲೇ ನನಗೆ ನನ್ನದೇ ಒಂದು ಮಧ್ಯಾಹ್ನ ನೆನಪಾಗುತ್ತದೆ.

ನಾನು ಗುಂಡು ಎಸೆಯುತ್ತಿದ್ದೆ. ಶಾಟ್‌ಪುಟ್. ಚಿಕ್ಕವಳಿದ್ದಾಗ ನನಗೆ ಬೇಕಾಗಿದ್ದದ್ದು ಕುಸ್ತಿ. ಅಪ್ಪನ ಜೊತೆ ಗರಡಿ ಬಾಗಿಲವರೆಗೆ ಹೋಗುತ್ತಿದ್ದೆ. ಒಳಗೆ ಕೆಂಪು ಮಣ್ಣು, ಎಣ್ಣೆ, ಮಜ್ಜಿಗೆ ಕಲಸಿದ ವಾಸನೆ. ಹೆಣ್ಣುಮಕ್ಕಳನ್ನು ಒಳಗೆ ಬಿಡುತ್ತಿರಲಿಲ್ಲ. ಹೊಸ್ತಿಲಿನ ಹೊರಗೆ ಅಪ್ಪನ ಚಪ್ಪಲಿ ಕಾಯುತ್ತಾ ಕೂತಿರುತ್ತಿದ್ದೆ. ಆಮೇಲೆ ಹೈಸ್ಕೂಲಲ್ಲಿ ಗುಂಡು ಕೈಗೆ ಬಂತು, ತೋಳಿಗೆ ಕೆಲಸ ಸಿಕ್ಕಿತು. ಕಾಲೇಜಿನಲ್ಲಿ ಎರಡನೇ ವರ್ಷ ಇದ್ದಾಗ ಒಂದು ಆಯ್ಕೆಗೆ ಹೋದೆ. ಎಸೆತ ಚೆನ್ನಾಗೇ ಇತ್ತು. ಆಯ್ಕೆ ಮಾಡುವವರಲ್ಲಿ ಒಬ್ಬರು ನನ್ನ ಹುಟ್ಟಿದ ದಿನಾಂಕ ನೋಡಿ, "ನಿನಗೆ ಹತ್ತೊಂಬತ್ತಾಯ್ತಲ್ಲಮ್ಮಾ, ಇನ್ನು ನಿನ್ನ ಮೇಲೆ ದುಡ್ಡು ಹಾಕಿದರೆ ಎಷ್ಟು ದಿನ?" ಎಂದರು. ಅವರ ಹೆಸರು ಬೇಡ. ಕೆಟ್ಟ ಮನಸ್ಸಿನಿಂದ ಹೇಳಿದರು ಅಂತಲೂ ನನಗೆ ಅನಿಸಿಲ್ಲ. ಅವರ ತಲೆಯಲ್ಲಿ ಹೆಣ್ಣುಮಕ್ಕಳ ಆಟಕ್ಕೆ ಒಂದು ಕೊನೆಯ ತಾರೀಖು ಇತ್ತು, ಅಷ್ಟೇ. ನಾನು ಅದನ್ನು ನಂಬಿದೆ. ಬೇಜಾರು ಇರುವುದು ಅದಕ್ಕೆ. ಬಿ.ಪಿ.ಎಡ್ ಮಾಡಿದೆ, ಪಿಟಿ ಟೀಚರ್ ಆದೆ. ಈ ಕೆಲಸ ನನಗೆ ಪ್ರಾಣ. ಆದರೂ ಯಾರಾದರೂ "ವಯಸ್ಸಾಯ್ತು" ಅಂದರೆ ಬಲಗೈ ತಾನಾಗೇ ಮುಷ್ಟಿ ಕಟ್ಟುತ್ತದೆ.

ಅದಿರಲಿ. ಲಿ ಚಿಯೆನ್ ಕಥೆಗೆ ಬರುತ್ತೇನೆ.

2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಹೆಂಗಸರು ಮೊದಲ ಸಲ ರಿಂಗ್ ಹತ್ತಿದರು. ಒಟ್ಟು 36 ಜನ, ಮೂರೇ ತೂಕದ ವಿಭಾಗ: 51, 60, 75 ಕೆಜಿ. ಮೇರಿ ಕೋಮ್ ಅಲ್ಲಿ ಕಂಚು ಗೆದ್ದದ್ದು ನಮಗೆಲ್ಲ ಗೊತ್ತು. ಅವರ ಸಹಜ ತೂಕ 48ರ ಒಳಗೆ. ಒಲಿಂಪಿಕ್ಸ್‌ನಲ್ಲಿ ಆ ವಿಭಾಗ ಇಲ್ಲದ ಕಾರಣ 51ಕ್ಕೆ ಏರಿ ತಮಗಿಂತ ದೊಡ್ಡವರ ಜೊತೆ ಆಡಿದರು. ಅದೇ 51ರಲ್ಲಿ ಚೀನಾದ ರೆನ್ ಸಾನ್‌ಸಾನ್ ಫೈನಲ್‌ಗೆ ಹೋಗಿ ಇಂಗ್ಲೆಂಡಿನ ನಿಕೊಲಾ ಆಡಮ್ಸ್‌ಗೆ ಸೋತಳು. 75 ಕೆಜಿಯಲ್ಲಿ ಚೀನಾದ ಪರವಾಗಿ ಆಡಿ ಕಂಚು ತಂದವಳು ಲಿ ಜಿನ್‌ಜಿ. ನಮ್ಮ ಲಿ ಚಿಯೆನ್ ಅಲ್ಲಿ ಎಲ್ಲೂ ಇಲ್ಲ. ಒಂದು ದೇಶದಿಂದ ಒಂದು ತೂಕಕ್ಕೆ ಒಬ್ಬರೇ. 22 ವಯಸ್ಸಿನ ಇವಳು ಮನೆಯಲ್ಲಿ.

ನಾಲ್ಕು ವರ್ಷ ಕಾದಳು. 2016, ರಿಯೊ. ಈಗ ಅವಳಿಗೆ 26, ಮೊದಲ ಒಲಿಂಪಿಕ್ಸ್. ಸೆಮಿಫೈನಲ್‌ನಲ್ಲಿ ನೆದರ್ಲೆಂಡ್ಸ್‌ನ ನೌಷ್ಕಾ ಫೊಂಟೇನ್‌ಗೆ ಸೋತು ಕಂಚು.

ಇದನ್ನು ಅಪ್ಪನಿಗೆ ಹೇಳುವಾಗ ಅವರು ಒಂದು ಮಾತು ಕೇಳಿದರು. "ಕುಸ್ತೀಲಿ ಸೋತವನಿಗೆ ಇನ್ನೊಂದು ದಾರಿ ಐತಲ್ಲ, ಇದರಲ್ಲಿ ಇಲ್ಲೇನು?" ಹೌದು, ಒಲಿಂಪಿಕ್ ಕುಸ್ತಿಯಲ್ಲಿ ನಿಮ್ಮನ್ನು ಸೋಲಿಸಿದವರು ಫೈನಲ್ ತಲುಪಿದರೆ ನಿಮಗೆ ಕಂಚಿಗಾಗಿ ಮತ್ತೆ ಆಡುವ ಅವಕಾಶ ಸಿಗುತ್ತದೆ. ಸಾಕ್ಷಿ ಮಲಿಕ್ ಅದೇ ರಿಯೊದಲ್ಲಿ ಹಾಗೇ ಕಂಚು ಗೆದ್ದದ್ದು. ಬಾಕ್ಸಿಂಗ್‌ನಲ್ಲಿ ಆ ದಾರಿ ಇಲ್ಲ. ಸೋತರೆ ಬ್ಯಾಗ್ ಕಟ್ಟಬೇಕು. ಮತ್ತೆ ಒಲಿಂಪಿಕ್ಸ್ ಬೇಕೆಂದರೆ ನಾಲ್ಕು ವರ್ಷ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರೆ ಕಷ್ಟದ ಆಟ" ಎಂದರು.

ಎರಡು ವರ್ಷದ ನಂತರ ವಿಶ್ವ ಚಾಂಪಿಯನ್‌ಷಿಪ್ ನಡೆದದ್ದು ನಮ್ಮ ದೆಹಲಿಯಲ್ಲೇ, 2018ರ ನವೆಂಬರ್‌ನಲ್ಲಿ. ಮೇರಿ ಕೋಮ್ ಆರನೇ ವಿಶ್ವ ಚಿನ್ನ ಗೆದ್ದು ಅತ್ತರಲ್ಲ, ಅದೇ ಕೂಟ. ನಾವೆಲ್ಲ ಅವರನ್ನು ನೋಡುತ್ತಿದ್ದೆವು. ಅದೇ ಕೂಟದ 75 ಕೆಜಿ ಫೈನಲ್‌ನಲ್ಲಿ ಲಿ ಚಿಯೆನ್ ಎದುರಿಗೆ ಅದೇ ಫೊಂಟೇನ್. ಈ ಸಲ ಗೆದ್ದದ್ದು ಲಿ ಚಿಯೆನ್. 28ನೇ ವಯಸ್ಸಿಗೆ ವಿಶ್ವ ಚಾಂಪಿಯನ್. ಪಂದ್ಯ ನಡೆದ ಜಾಗದ ಹೆಸರು ಕೆ.ಡಿ. ಜಾಧವ್ ಹಾಲ್ ಅಂದಾಗ ಅಪ್ಪ ಎದ್ದು ಕೂತರು. ಖಾಶಾಬಾ ಜಾಧವ್ ಅವರಿಗೆ ದೇವರ ಸಮಾನ. 1952ರ ಹೆಲ್ಸಿಂಕಿಯಲ್ಲಿ ಕುಸ್ತಿ ಕಂಚು ಗೆದ್ದವರು, ಸ್ವತಂತ್ರ ಭಾರತಕ್ಕೆ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ. ಹೆಲ್ಸಿಂಕಿಗೆ ಹೋಗಲು ಊರವರ ಹತ್ತಿರ ದುಡ್ಡು ಕೂಡಿಸಬೇಕಾಯಿತು ಎಂಬ ಕಥೆಯನ್ನು ಅಪ್ಪ ನನಗೆ ನೂರು ಸಲ ಹೇಳಿರಬಹುದು, ಅವತ್ತು ಇನ್ನೊಂದು ಸಲ ಹೇಳಿದರು. ಆಮೇಲೆ, "ಆ ಪುಣ್ಯಾತ್ಮನ ಹೆಸರಿನ ಜಾಗದಲ್ಲಿ ಗೆದ್ದಾಳಾ? ಹಂಗಾದ್ರೆ ಅವಳು ನಮ್ಮೋಳೇ ಬಿಡು" ಎಂದರು. ನನ್ನ ಸಿಟ್ಟು ಇಳಿಯಲು ಶುರುವಾದದ್ದು ಆ ಮಾತಿನಿಂದ.

ಪೂರ್ತಿ ಇಳಿಯಲಿಲ್ಲ, ಯಾಕೆಂದರೆ ಮುಂದೆ ಟೋಕಿಯೊ ಇತ್ತು.

ಹರಿಯಾಣದ ಪೂಜಾ ರಾಣಿ ನೆನಪಿದೆಯಾ? ಮನೆಯಲ್ಲಿ ಅಪ್ಪನಿಗೆ ಗೊತ್ತಾಗದ ಹಾಗೆ ಬಾಕ್ಸಿಂಗ್ ಕಲಿತವಳು. ಮುಖಕ್ಕೆ ಪೆಟ್ಟು ಬಿದ್ದ ದಿನ ಗೆಳತಿಯ ಮನೆಯಲ್ಲಿ ಉಳಿಯುತ್ತಿದ್ದವಳು. 2020ರ ಮಾರ್ಚ್‌ನಲ್ಲಿ ಜೋರ್ಡಾನ್‌ನ ಅಮ್ಮಾನ್‌ನಲ್ಲಿ ಒಲಿಂಪಿಕ್ ಅರ್ಹತಾ ಕೂಟ ನಡೆಯಿತು. ಅದು ಚೀನಾದ ವುಹಾನ್‌ನಲ್ಲಿ ನಡೆಯಬೇಕಿತ್ತು, ಕೊರೊನಾ ಬಂದು ಅಲ್ಲಿಗೆ ಹೋಯಿತು. ಪೂಜಾ ಟಿಕೆಟ್ ಗಿಟ್ಟಿಸಿದಳು, ಆದರೆ ಸೆಮಿಯಲ್ಲಿ ಲಿ ಚಿಯೆನ್‌ಗೆ 5-0ಯಲ್ಲಿ, ಅಂದರೆ ಐವರು ಜಡ್ಜ್‌ಗಳೂ ಲಿ ಚಿಯೆನ್ ಕಡೆ ಆಗಿ, ಸೋತಳು. ಮುಂದಿನ ವರ್ಷ ಟೋಕಿಯೊದಲ್ಲಿ ಕ್ವಾರ್ಟರ್ ಫೈನಲ್. ಒಂದು ಪಂದ್ಯ ಗೆದ್ದರೆ ಪದಕ. ಎದುರಿಗೆ ಮತ್ತೆ ಲಿ ಚಿಯೆನ್, ಮತ್ತೆ 5-0. ನಮ್ಮ ಇಬ್ಬರು ಹುಡುಗಿಯರಿಗೆ, ಎರಡು ಒಲಿಂಪಿಕ್ಸ್‌ನಲ್ಲಿ, ಪದಕಕ್ಕೆ ಒಂದೇ ಮೆಟ್ಟಿಲು ಇದ್ದಾಗ ಬಾಗಿಲಲ್ಲಿ ನಿಂತಿದ್ದವಳು ಒಬ್ಬಳೇ.

ಟೋಕಿಯೊ ಫೈನಲ್‌ನಲ್ಲಿ ಅವಳು ವೇಲ್ಸ್‌ನ ಲಾರೆನ್ ಪ್ರೈಸ್‌ಗೆ ಸೋತಳು. ಐದೂ ಜಡ್ಜ್‌ಗಳು ಪ್ರೈಸ್ ಕಡೆ. ಈ ಪ್ರೈಸ್ ಯಾರು ಅಂತ ನೋಡಿದರೆ, ವೇಲ್ಸ್ ಪರವಾಗಿ ಫುಟ್‌ಬಾಲ್ ಆಡಿದವಳು, ಕಿಕ್ ಬಾಕ್ಸಿಂಗ್ ಮಾಡಿದವಳು, ಖರ್ಚಿಗೆ ರಾತ್ರಿ ಟ್ಯಾಕ್ಸಿ ಓಡಿಸಿದವಳು. ಒಂದು ಕಡೆ ಫುಟ್‌ಬಾಲ್ ಬಿಟ್ಟವಳು, ಇನ್ನೊಂದು ಕಡೆ ಬ್ಯಾಸ್ಕೆಟ್‌ಬಾಲ್ ಬಿಟ್ಟವಳು, ನಡುವೆ ಒಲಿಂಪಿಕ್ ಚಿನ್ನ. ಲವ್ಲಿನಾ ಕೂಡ ಅಸ್ಸಾಂನ ತನ್ನ ಹಳ್ಳಿಯಲ್ಲಿ ಅಕ್ಕಂದಿರ ಜೊತೆ ಮುಯ್ ಥಾಯ್, ಅಂದರೆ ಥಾಯ್ಲೆಂಡಿನ ಕಿಕ್ ಬಾಕ್ಸಿಂಗ್, ಆಡುತ್ತಿದ್ದವಳು. ಶಾಲೆಗೆ ಬಂದ ಕೋಚ್ ಒಬ್ಬರ ಕಣ್ಣಿಗೆ ಬಿದ್ದು ಬಾಕ್ಸಿಂಗ್‌ಗೆ ಬಂದಳು. ಇದನ್ನು ನಾನು ಆ ತಾಯಿಗೆ ಎರಡು ಸಲ ಹೇಳಿದೆ. ಒಂದು ಆಟದಲ್ಲಿ ಕಲಿತದ್ದು ಮೈಯಿಂದ ಎಲ್ಲೂ ಹೋಗುವುದಿಲ್ಲ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಕಾಲು ಅಡ್ಡಡ್ಡ ಸರಿಸುತ್ತಾ ಎದುರಿನವಳನ್ನು ತಡೆಯುವುದನ್ನು ಮೊದಲು ಕಲಿಸುತ್ತಾರೆ. ಅಪ್ಪ ಅವಳ ಕಾಲನ್ನು ನೋಡಿ ಬೆರಗಾದದ್ದಕ್ಕೆ ಅದೂ ಒಂದು ಕಾರಣ ಇರಬಹುದು ಅಂತ ನನ್ನ ಊಹೆ. ವಾಲಿಬಾಲ್ ಆಡಿದವಳಿಗೆ ಭುಜದ ಬಲ, ಎದುರಿನವರ ಕಣ್ಣು ನೋಡಿ ಚೆಂಡು ಎಲ್ಲಿಗೆ ಅಂತ ಓದುವ ಅಭ್ಯಾಸ ಇರುತ್ತದೆ.

ಟೋಕಿಯೊ ಹೊತ್ತಿಗೆ ಲಿ ಚಿಯೆನ್‌ಗೆ 31. ಕಂಚು ಬಂದಾಗಿತ್ತು, ಬೆಳ್ಳಿ ಬಂದಾಗಿತ್ತು. ಅಲ್ಲಿಗೆ ಬಿಟ್ಟಿದ್ದರೂ ಯಾರೂ ಏನೂ ಅನ್ನುತ್ತಿರಲಿಲ್ಲ. ಅವಳು ಬಿಡಲಿಲ್ಲ.

ಇಲ್ಲಿ ತೂಕದ ವಿಷಯ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಲವ್ಲಿನಾಗೆ ಅನ್ಯಾಯ ಮಾಡಿದ ಹಾಗಾಗುತ್ತದೆ. ಅಪ್ಪನ ಕಾಲದ ಜಾತ್ರೆ ಕುಸ್ತಿಯಲ್ಲಿ ತಕ್ಕಡಿ ಇರಲಿಲ್ಲ. ಹಿರಿಯರು ಇಬ್ಬರನ್ನು ಅಕ್ಕಪಕ್ಕ ನಿಲ್ಲಿಸಿ, ಹೆಗಲು ತೊಡೆ ನೋಡಿ ಜೋಡಿ ಕಟ್ಟುತ್ತಿದ್ದರು. ಬಾಕ್ಸಿಂಗ್‌ನಲ್ಲಿ ಗ್ರಾಂ ಲೆಕ್ಕ. ಲವ್ಲಿನಾ ಟೋಕಿಯೊದಲ್ಲಿ ಕಂಚು ಗೆದ್ದದ್ದು 69 ಕೆಜಿಯಲ್ಲಿ. ಪ್ಯಾರಿಸ್‌ಗೆ ಹೆಂಗಸರ ವಿಭಾಗ ಐದರಿಂದ ಆರಕ್ಕೆ ಏರಿತು, ಗಂಡಸರಷ್ಟೇ ಹೆಂಗಸರು, 124 ಮತ್ತು 124. ಖುಷಿಯ ವಿಷಯವೇ. ಆದರೆ ಆ ಬದಲಾವಣೆಯಲ್ಲಿ 69 ಹೋಗಿಬಿಟ್ಟಿತು. 66ಕ್ಕೆ ಇಳಿ, ಇಲ್ಲ 75ಕ್ಕೆ ಏರು. ಲವ್ಲಿನಾ ಏರಿದಳು. ಮೇರಿ ಕೋಮ್‌ಗೆ ಆದದ್ದೇ ಇವಳಿಗೂ ಆಯಿತು. 75 ಕೆಜಿ ಹೆಂಗಸರ ಒಲಿಂಪಿಕ್ ಬಾಕ್ಸಿಂಗ್‌ನಲ್ಲಿ ಎಲ್ಲಕ್ಕಿಂತ ಮೇಲಿನ ವಿಭಾಗ. ಅಲ್ಲಿ ವರ್ಷಗಟ್ಟಲೆಯಿಂದ ಬೇರು ಬಿಟ್ಟು ನಿಂತಿದ್ದವಳು ಲಿ ಚಿಯೆನ್.

ಆದರೂ ಮೊದಲು ಗೆದ್ದದ್ದು ನಮ್ಮ ಹುಡುಗಿ. 2023ರ ಮಾರ್ಚ್, ಮತ್ತೆ ದೆಹಲಿ, ಮತ್ತೆ ವಿಶ್ವ ಚಾಂಪಿಯನ್‌ಷಿಪ್. ಸೆಮಿಫೈನಲ್‌ನಲ್ಲಿ ಲವ್ಲಿನಾ 4-1ರಲ್ಲಿ ಲಿ ಚಿಯೆನ್‌ಳನ್ನು ಸೋಲಿಸಿ, ಫೈನಲ್‌ನಲ್ಲಿ ಆಸ್ಟ್ರೇಲಿಯಾದ ಕೇಟ್ಲಿನ್ ಪಾರ್ಕರ್‌ಳನ್ನೂ ಸೋಲಿಸಿ ಚಿನ್ನ ಗೆದ್ದಳು. ಲವ್ಲಿನಾ ಲಿ ಚಿಯೆನ್‌ಗಿಂತ ಏಳು ವರ್ಷ ಚಿಕ್ಕವಳು. 32 ವಯಸ್ಸಿನವಳಿಗೆ, ಹಿಂದೆ ತಾನು ಚಾಂಪಿಯನ್ ಆದ ಊರಿನಲ್ಲೇ, ತನಗಿಂತ ಚಿಕ್ಕವಳ ಕೈಲಿ ಸೋಲು. ನನ್ನ ಗುಂಡಿನ ಆಯ್ಕೆಯಲ್ಲಿ ಕೂತಿದ್ದ ಮನುಷ್ಯ ಅಲ್ಲಿದ್ದಿದ್ದರೆ ಏನು ಹೇಳುತ್ತಿದ್ದರು ಅಂತ ನನಗೆ ಚೆನ್ನಾಗಿ ಗೊತ್ತು.

ಏಳೇ ತಿಂಗಳು. ಅದೇ ವರ್ಷ ಅಕ್ಟೋಬರ್‌ನಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್ ಫೈನಲ್. ಇಬ್ಬರೂ ಮತ್ತೆ ಎದುರು. ಲಿ ಚಿಯೆನ್ 5-0. ಮಾರ್ಚ್‌ನಲ್ಲಿ ಜಡ್ಜ್‌ಗಳಲ್ಲಿ ಒಬ್ಬರು ಮಾತ್ರ ಅವಳ ಕಡೆ, ಅಕ್ಟೋಬರ್‌ನಲ್ಲಿ ಐವರೂ. ಆ ಏಳು ತಿಂಗಳಲ್ಲಿ ಅವಳು ಎಷ್ಟು ಸಲ ಲವ್ಲಿನಾಳ ವಿಡಿಯೊ ನೋಡಿರಬೇಕು, ಎಷ್ಟು ಸಾವಿರ ಸಲ ಒಂದೇ ಹೆಜ್ಜೆ ಹಾಕಿರಬೇಕು ಅಂತ ಯೋಚಿಸಿದರೆ ನನಗೆ ಈಗಲೂ ಮೈ ಜುಂ ಅನ್ನುತ್ತದೆ. ನಾನು ಈ ಎರಡೂ ಪಂದ್ಯಗಳನ್ನು ಒಂದರ ಹಿಂದೆ ಒಂದು ಹಾಕಿ ಅಪ್ಪನಿಗೆ ತೋರಿಸಿದೆ. ಅವರು ಹೇಳಿದ್ದು: "ಮೊದಲನೇದ್ರಲ್ಲಿ ಕಾಯ್ತಾ ನಿಂತಾಳೆ. ಎರಡನೇದ್ರಲ್ಲಿ ಅವಳೇ ಮುಂದೆ ಹೋಗ್ಯಾಳೆ."

ಪ್ಯಾರಿಸ್ ಕ್ವಾರ್ಟರ್ ಫೈನಲ್‌ನ ಕಥೆ ಆಗಲೇ ಹೇಳಿದೆ. ಅಲ್ಲಿಂದ ಮುಂದಕ್ಕೆ ಅವಳು ಸೆಮಿಯಲ್ಲಿ ಕೇಟ್ಲಿನ್ ಪಾರ್ಕರ್‌ಳನ್ನು ಸೋಲಿಸಿದಳು. ಆಗಸ್ಟ್ 10ರಂದು ಫೈನಲ್. ಟೆನಿಸ್ ಆಡುವ ರೋಲಾಂ ಗ್ಯಾರೋಸ್ ಅಂಗಳದ ನಡುವೆ ರಿಂಗ್ ಹಾಕಿದ್ದರು. ಎದುರಾಳಿ ಪನಾಮಾ ದೇಶದ ಅಥೇಯ್ನಾ ಬೈಲನ್, ಕೆಲಸದಲ್ಲಿ ಪೊಲೀಸ್. ತನ್ನ ದೇಶಕ್ಕೆ ಒಲಿಂಪಿಕ್ ಪದಕ ತಂದ ಮೊದಲ ಹೆಂಗಸು. ಸೆಮಿಯಲ್ಲಿ ಅವಳು ಸೋಲಿಸಿದ್ದು ಸಿಂಡಿ ಎನ್‌ಗಾಂಬಾಳನ್ನು, ನಿರಾಶ್ರಿತರ ತಂಡಕ್ಕೆ ಮೊಟ್ಟಮೊದಲ ಪದಕ ತಂದವಳು. ಎಂಥೆಂಥ ಹೆಂಗಸರು ಸೇರಿದ್ದರು ಆ ಒಂದು ತೂಕದಲ್ಲಿ!

ಬೈಲನ್‌ಗೆ 35. ಲಿ ಚಿಯೆನ್‌ಗೆ 34. ಒಲಿಂಪಿಕ್ ಚಿನ್ನಕ್ಕೆ ಹೊಡೆದಾಡಿದ ಇಬ್ಬರಿಗೂ ಮೂವತ್ತು ದಾಟಿ ಎಷ್ಟೋ ವರ್ಷ ಆಗಿತ್ತು. ಲಿ ಚಿಯೆನ್ 4-1. ಕಂಚು, ಬೆಳ್ಳಿ, ಚಿನ್ನ, ಅದೇ ಕ್ರಮದಲ್ಲಿ, ಎಂಟು ವರ್ಷದಲ್ಲಿ. ಚೀನಾದ ಹೆಂಗಸರು ಅದುವರೆಗೆ ಒಲಿಂಪಿಕ್ ಬಾಕ್ಸಿಂಗ್ ಚಿನ್ನ ಗೆದ್ದೇ ಇರಲಿಲ್ಲ. ಆಗಸ್ಟ್ 8ಕ್ಕೆ 54 ಕೆಜಿಯಲ್ಲಿ ಚಾಂಗ್ ಯುವಾನ್, 9ಕ್ಕೆ 50 ಕೆಜಿಯಲ್ಲಿ ವು ಯು, 10ಕ್ಕೆ ಇವಳು. ಮೂರು ದಿನ, ಮೂರು ಚಿನ್ನ. ವು ಯು ಅಂದರೆ ನಮ್ಮ ನಿಖತ್ ಜರೀನ್‌ಳನ್ನು ಅದೇ ಪ್ಯಾರಿಸ್‌ನಲ್ಲಿ ಸೋಲಿಸಿದವಳು. ಆ ನೋವು ಬೇರೆ, ಇನ್ನೊಂದು ದಿನ ಬರೆಯುತ್ತೇನೆ.

ಫೈನಲ್ ವಿಡಿಯೊವನ್ನು ನಾನು ಮರುದಿನ ಬೆಳಿಗ್ಗೆ ನೋಡಿದೆ. ಒಂದು ವಾರದ ಹಿಂದೆ ಅತ್ತವಳು ನಾನು. ಅವಳ ಕೈ ಮೇಲೆತ್ತಿದಾಗ ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಚಪ್ಪಾಳೆ ಹೊಡೆದೆ. ಲವ್ಲಿನಾಗೆ ದ್ರೋಹ ಮಾಡಿದೆ ಅಂತ ಅನಿಸಲಿಲ್ಲ. ನಮ್ಮ ಹುಡುಗಿ ಸೋತದ್ದು ಚಾಂಪಿಯನ್‌ಗೆ. ಆ ಚಾಂಪಿಯನ್ ಕೂಡ ಹಿಂದಿನ ವರ್ಷ ನಮ್ಮ ಹುಡುಗಿಗೆ ಸೋತಿದ್ದಳು.

ಇಷ್ಟನ್ನೂ ಕೇಳಿದ ಮೇಲೆ ಆ ತಾಯಿ ಕೇಳಿದ್ದು ಪದಕದ ಬಗ್ಗೆ ಅಲ್ಲ. "ಮುಖಕ್ಕೆ ಪೆಟ್ಟು ಬಿದ್ರೆ ನಾಳೆ ಯಾರ್ರಿ ಮಾಡ್ಕೋತಾರೆ?" ಎಂದರು. ಈ ಪ್ರಶ್ನೆ ಬರುತ್ತದೆ ಅಂತ ಗೊತ್ತಿತ್ತು. ಪೂಜಾ ರಾಣಿಯ ಮನೆಯಲ್ಲೂ ಇದೇ ಭಯ ಇತ್ತು. ಅವರಿಗೆ ನಾನು ಸುಳ್ಳು ಹೇಳಲಿಲ್ಲ. ಪೆಟ್ಟು ಬೀಳುತ್ತದೆ ಅಂದೆ. ಹೆಂಗಸರು ತಲೆಗೆ ಗಾರ್ಡ್ ಹಾಕಿಕೊಂಡೇ ಆಡುತ್ತಾರೆ, ಹಲ್ಲಿಗೆ ಗಾರ್ಡ್ ಇರುತ್ತದೆ, ಆದರೂ ಪೆಟ್ಟು ಪೆಟ್ಟೇ. ಮೊದಲ ಆರು ತಿಂಗಳು ಯಾರೂ ಅವಳನ್ನು ಹೊಡೆಯುವುದಿಲ್ಲ, ಅವಳೂ ಯಾರನ್ನೂ ಹೊಡೆಯುವುದಿಲ್ಲ, ಬರೀ ಕಾಲು ಮತ್ತು ಹಗ್ಗ, ಆಮೇಲೆ ನೀವೇ ಬಂದು ನೋಡಿ ಹೇಳಿ ಅಂದೆ. ಅವರು ಏನೂ ಹೇಳದೆ ಎದ್ದು ಹೋದರು. ಒಪ್ಪಲಿಲ್ಲ ಅಂದುಕೊಂಡೆ.

ಸೋಮವಾರ ಬೆಳಿಗ್ಗೆ ಮೈದಾನಕ್ಕೆ ಹೋದಾಗ ಬೇವಿನ ಮರದ ಕೊಂಬೆಗೆ ಒಂದು ಮಂಡಕ್ಕಿ ಚೀಲ ನೇತಾಡುತ್ತಿತ್ತು. ಎರಡು ಚೀಲ ಒಂದರೊಳಗೊಂದು ಸೇರಿಸಿ, ಬಾಯಿಯನ್ನು ದಬ್ಬಣದಲ್ಲಿ ಹೊಲಿದಿದ್ದರು. ಒಳಗೆ ಹಳೆ ಸೀರೆ, ಭತ್ತದ ಹೊಟ್ಟು, ತಳಕ್ಕೆ ಸ್ವಲ್ಪ ಮರಳು. ಭಟ್ಟಿಯಲ್ಲಿ ಅಕ್ಕಿ ಹುರಿಯುವ ಮರಳು ಅದು, ಕಪ್ಪಗೆ, ನುಣ್ಣಗೆ. ಹುಡುಗಿ ಹೇಳಿದಳು, "ಅಪ್ಪ ಹೊಲಿದ್ರು ಮಿಸ್, ಅವ್ವ ತುಂಬಿದ್ಲು. ಮರಳು ಜಾಸ್ತಿ ಹಾಕಿದ್ರೆ ಕೈ ನೋಯ್ತದೆ ಅಂತ ಹೊಟ್ಟು ಜಾಸ್ತಿ ಹಾಕ್ಯಾಳೆ."

ಅಪ್ಪನನ್ನೂ ಗಾಡಿಯಲ್ಲಿ ಕೂರಿಸಿಕೊಂಡು ಹೋಗಿದ್ದೆ. ಅವರು ಕೋಲು ಊರಿಕೊಂಡು ಮರದ ಸುತ್ತ ಒಂದು ಸುತ್ತು ಬಂದರು. ಚೀಲವನ್ನು ಮುಟ್ಟಿ ನೋಡಿ, ಕೊಂಬೆಯ ಗಂಟು ಜಗ್ಗಿ ನೋಡಿದರು. ಆಮೇಲೆ ಕೋಲಿನ ತುದಿಯಿಂದ ಮಣ್ಣಲ್ಲಿ ಎರಡು ಗೆರೆ ಎಳೆದರು, ಒಂದು ಮುಂದೆ, ಒಂದು ಹಿಂದೆ, ಸ್ವಲ್ಪ ಓರೆಯಾಗಿ. "ಕೈ ಆಮೇಲೆ. ಮೊದಲು ಕಾಲು ಇಡು ನೋಡಣ" ಎಂದರು. ಹುಡುಗಿ ಚಪ್ಪಲಿ ಬಿಟ್ಟು ಗೆರೆಗಳ ಮೇಲೆ ನಿಂತಳು.